ಹಳೇ ಕಟ್ಟಡ ಕೆಡವುವ ಮುಂಚೆ: ಬಿಲ್ಡರ್, ಕಾಂಟ್ರ್ಯಾಕ್ಟರ್, ಪಾಲಿಕೆ ಮತ್ತು ನಮ್ಮ ಸೊಸೈಟಿ

ಮುಲುಂಡಿನಲ್ಲಿ ನಮ್ಮ ಸೊಸೈಟಿಯ ಹೊಸ ಕಟ್ಟಡ ಒಂಬತ್ತನೇ ಸ್ಲ್ಯಾಬಿಗೆ ಬಂದು ನಿಂತುಬಿಟ್ಟಿತ್ತು. ಏಳು ತಿಂಗಳು ಒಂದು ಇಟ್ಟಿಗೆ ಏರಲಿಲ್ಲ. ಬಿಲ್ಡರನ್ನು ಕೇಳಿದರೆ ಕಾಂಟ್ರ್ಯಾಕ್ಟರ್ ಜನ ಹಾಕುತ್ತಿಲ್ಲ ಎಂದರು. ಕಾಂಟ್ರ್ಯಾಕ್ಟರನ್ನು ಕೇಳಿದರೆ ಡ್ರಾಯಿಂಗೇ ಬದಲಾಗಿದೆ, ಹಳೇ ರೇಟಿಗೆ ಆಗೋದಿಲ್ಲ ಎಂದರು. ಆರ್ಕಿಟೆಕ್ಟರ ಹತ್ತಿರ ಹೋದರೆ, ಬಿಲ್ಡರ್ ಪ್ರೀಮಿಯಂ (ಹೆಚ್ಚು ಜಾಗ ಕಟ್ಟಲು ಪಾಲಿಕೆಗೆ ಕೊಡುವ ದುಡ್ಡು) ಕಟ್ಟದೆ ಮೇಲಿನ ಮಹಡಿಗಳಿಗೆ ಸಿಸಿ, ಅಂದರೆ ಕಟ್ಟುವ ಅನುಮತಿ ಪತ್ರ, ಸಿಗುವುದಿಲ್ಲ ಎಂದರು. ಮೂವರು ಹೇಳಿದ್ದೂ ನಿಜವೇ. ಆದರೆ ಆ ಮೂವರು ಒಂದು ದಿನವೂ ಒಟ್ಟಿಗೆ ಕೂತು ಮಾತಾಡಿರಲಿಲ್ಲ. ನಾವು ಇಪ್ಪತ್ತನಾಲ್ಕು ಮನೆಯವರು ಅಷ್ಟೂ ದಿನ ಬಾಡಿಗೆ ಮನೆಗಳಲ್ಲಿ ಕಾದೆವು. ಮೂರನೇ ಮಾಳಿಗೆಯ ಅಜ್ಜಿ ಹೊಸ ಮನೆ ನೋಡದೆಯೇ ತೀರಿಕೊಂಡರು. ಆಗ ನಾನು ಸೊಸೈಟಿಯ ಸೆಕ್ರೆಟರಿ. ಆ ಏಳು ತಿಂಗಳು ಇವತ್ತಿಗೂ ನನ್ನ ಮನಸ್ಸಿನಲ್ಲಿ ಕೂತಿವೆ.

ಹೋಟೆಲು, ಬ್ಯಾಂಕು, ಮಿಲ್ಲು ಎಂದು ಊರು ಬಿಟ್ಟು ಬಂದ ನಮ್ಮ ಹಿರಿಯರು ಮಾಟುಂಗಾ, ಚೆಂಬೂರು, ಮುಲುಂಡ್, ಡೊಂಬಿವಲಿಯಲ್ಲಿ ಕೊಂಡ ಮನೆಗಳಿಗೆ ಈಗ ನಲವತ್ತು, ಐವತ್ತು ವರ್ಷ. ಹೆಚ್ಚಿನವು ರಿಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟುವುದಕ್ಕೆ, ಬಂದಿವೆ. ನಾನು ತಡವಾಗಿ ಕಲಿತದ್ದು ನಿಮಗೆ ಮೊದಲೇ ಗೊತ್ತಿರಲಿ ಎಂದು ಹಂತ ಹಂತವಾಗಿ ಬರೆಯುತ್ತಿದ್ದೇನೆ.

1. ನಿಮ್ಮ ಕಟ್ಟಡಕ್ಕೆ ಯಾವ ನಿಯಮ ಪುಸ್ತಕ?

ಮೊದಲ ಪ್ರಶ್ನೆ ಇದೇ. ಮುಲುಂಡ್ ಚೆಕ್‌ನಾಕಾದ ಈ ಬದಿ ಮುಂಬೈ ಮಹಾನಗರ ಪಾಲಿಕೆ. ಇಲ್ಲಿ ನಡೆಯುವುದು ಡಿಸಿಪಿಆರ್ 2034 ಎಂಬ ಕಟ್ಟಡ ನಿಯಮಗಳ ಪುಸ್ತಕ. ಇದು 2018ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು 1991ರ ನಿಯಮಗಳಿದ್ದವು. ನಾಕಾ ದಾಟಿ ಠಾಣೆಗೆ ಕಾಲಿಟ್ಟರೆ ಪುಸ್ತಕವೇ ಬೇರೆ. ಅಲ್ಲಿ ಯುಡಿಸಿಪಿಆರ್. ಅದು 2020ರ ಡಿಸೆಂಬರಿನಲ್ಲಿ ಬಂತು. ಠಾಣೆ, ಕಲ್ಯಾಣ್-ಡೊಂಬಿವಲಿ, ಪುಣೆ ಎಲ್ಲಕ್ಕೂ ಅದೇ. ಹಾಗಾಗಿ ಡೊಂಬಿವಲಿಯ ಭಾವನ ಸೊಸೈಟಿಗೆ ಇಷ್ಟು ಜಾಗ ಜಾಸ್ತಿ ಸಿಕ್ಕಿತು, ನಮಗೂ ಸಿಗಬೇಕು ಎಂದು ಮೀಟಿಂಗಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ನಮ್ಮಲ್ಲಿ ಮೂರು ಮೀಟಿಂಗು ಇದರಲ್ಲೇ ಹೋಯಿತು.

ಎಫ್‌ಎಸ್‌ಐ ಎಂಬ ಮಾತು ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತದೆ. ಸರಳವಾಗಿ ಹೇಳಬೇಕೆಂದರೆ, ಜಾಗದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. ಮುಂಬೈ ಉಪನಗರದಲ್ಲಿ ಮೂಲ ಎಫ್‌ಎಸ್‌ಐ 1, ದಕ್ಷಿಣದ ದ್ವೀಪ ಭಾಗದಲ್ಲಿ 1.33. ಇದರ ಮೇಲೆ ಪಾಲಿಕೆಗೂ ಸರ್ಕಾರಕ್ಕೂ ದುಡ್ಡು ಕಟ್ಟಿ ಪಡೆಯುವ ಪ್ರೀಮಿಯಂ ಎಫ್‌ಎಸ್‌ಐ, ಬೇರೆ ಜಾಗದ ಕಟ್ಟುವ ಹಕ್ಕನ್ನು ಕೊಂಡು ತರುವ ಟಿಡಿಆರ್ ಸೇರುತ್ತವೆ. ಎಷ್ಟು ಸೇರಿಸಬಹುದು ಎಂಬುದನ್ನು ಹೇಳುವುದು ನಿಮ್ಮ ಮುಂದಿನ ರಸ್ತೆಯ ಅಗಲ. ಅಗಲವಾದ ರಸ್ತೆಯಿದ್ದರೆ ಉಪನಗರದಲ್ಲಿ ಒಟ್ಟು 2.5ರವರೆಗೆ ಹೋಗುತ್ತದೆ. ಗಲ್ಲಿಯಲ್ಲಿದ್ದರೆ ತುಂಬ ಕಡಿಮೆ. ಆದ್ದರಿಂದ ಬಿಲ್ಡರ್ ಬರುವ ಮುಂಚೆ ನೀವೇ ಟೇಪು ಹಿಡಿದು ರಸ್ತೆ ಅಳೆಯಿರಿ. ಆಮೇಲೆ ಅದನ್ನು ಡಿಪಿ ರಿಮಾರ್ಕಿನ (ನಗರದ ಅಭಿವೃದ್ಧಿ ಯೋಜನೆಯಲ್ಲಿ ನಿಮ್ಮ ಜಾಗದ ಬಗ್ಗೆ ಏನಿದೆ ಎಂದು ಹೇಳುವ ಪಾಲಿಕೆಯ ಪತ್ರ) ಜೊತೆ ಹೋಲಿಸಿ ನೋಡಿ. ಜಾಗದ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಹಾಕಿ ಪಾಲಿಕೆಯ ವೆಬ್‌ಸೈಟಿನಲ್ಲೇ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಇದನ್ನು ಪಡೆಯಬಹುದು. ನಿಮ್ಮ ಜಾಗದ ಮೇಲೆ ರಸ್ತೆ ಅಗಲೀಕರಣ ಇದೆಯಾ, ಅದನ್ನು ಸಾರ್ವಜನಿಕ ಬಳಕೆಗೆ ಮೀಸಲಿಟ್ಟಿದ್ದಾರಾ ಎಂಬುದು ಅದರಲ್ಲಿ ಬರುತ್ತದೆ.

ಇನ್ನೆರಡು ಸಂಗತಿ ಗೊತ್ತಿರಲಿ. ಡಿಸಿಪಿಆರ್ 2034ರ 33(7)(ಬಿ) ನಿಯಮದಡಿ, 30 ವರ್ಷ ದಾಟಿದ ಸೊಸೈಟಿ ಕಟ್ಟಡಕ್ಕೆ ಈಗಿರುವ ಕಟ್ಟಡದ 15% ಅಥವಾ ಮನೆಗೆ 10 ಚದರ ಮೀಟರ್, ಯಾವುದು ಜಾಸ್ತಿಯೋ ಅಷ್ಟು ಹೆಚ್ಚುವರಿ ಜಾಗ ಸಿಗುತ್ತದೆ. ಇನ್ನೊಂದು 35% ಫಂಜಿಬಲ್ ಜಾಗ, ಅಂದರೆ ಎಫ್‌ಎಸ್‌ಐ ಲೆಕ್ಕದ ಮೇಲೆ ಪ್ರೀಮಿಯಂ ಕಟ್ಟಿ ಪಡೆಯುವ ಜಾಗ. ಹಳೆಯ ಸದಸ್ಯರ ಪಾಲಿನ ಫಂಜಿಬಲ್ಲಿಗೆ ಪ್ರೀಮಿಯಂ ಕಟ್ಟಬೇಕಿಲ್ಲ. ಬಿಲ್ಡರ್ "ನನ್ನ ಕೈಯಿಂದ ಕೊಡುತ್ತಿದ್ದೇನೆ" ಎಂದು ತೋರಿಸುವ ಜಾಗದಲ್ಲಿ ಒಂದು ಭಾಗ ನಿಯಮದಿಂದ ನಿಮಗೇ ಬರುವುದು. ಇದು ಗೊತ್ತಿದ್ದವರ ಮುಂದೆ ಮಾತುಕತೆಯ ಧಾಟಿಯೇ ಬೇರೆ ಇರುತ್ತದೆ.

2. ಕಾಗದಪತ್ರ ಮತ್ತು ಕಟ್ಟಡದ ಆರೋಗ್ಯ

ಜಾಗ ಸೊಸೈಟಿಯ ಹೆಸರಿನಲ್ಲಿದೆಯಾ ನೋಡಿ. ಪ್ರಾಪರ್ಟಿ ಕಾರ್ಡಿನಲ್ಲಿ ಇನ್ನೂ ಹಳೆಯ ಬಿಲ್ಡರನ ಹೆಸರೋ ಜಮೀನಿನ ಯಜಮಾನರ ಹೆಸರೋ ಇದ್ದರೆ, ಡೀಮ್ಡ್ ಕನ್ವೇಯನ್ಸಿಗೆ (ಅವರ ಸಹಿ ಸಿಗದಿದ್ದರೂ ಜಾಗವನ್ನು ಸೊಸೈಟಿಯ ಹೆಸರಿಗೆ ಮಾಡಿಕೊಡುವ ಕ್ರಮ) ಜಿಲ್ಲಾ ಉಪ ರಿಜಿಸ್ಟ್ರಾರರ ಹತ್ತಿರ ಅರ್ಜಿ ಹಾಕಿ. ಇದು ಆಗದೆ ಮುಂದೆ ಹೋಗಬೇಡಿ.

30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. 1888ರ ಮುಂಬೈ ಪಾಲಿಕೆ ಕಾಯ್ದೆಯ 353ಬಿ ಕಲಮು ಇದನ್ನು ಹೇಳುತ್ತದೆ. ವರದಿಯಲ್ಲಿ ಸಿ1 ಎಂದು ಬಂದರೆ ಖಾಲಿ ಮಾಡಿ ಕೆಡವಬೇಕು. ಸಿ2ಎ ಎಂದರೆ ಸ್ವಲ್ಪ ಭಾಗ ಖಾಲಿ ಮಾಡಿ ದೊಡ್ಡ ರಿಪೇರಿ, ಸಿ2ಬಿ ಎಂದರೆ ಖಾಲಿ ಮಾಡದೆ ರಿಪೇರಿ, ಸಿ3 ಎಂದರೆ ಸಣ್ಣಪುಟ್ಟ ರಿಪೇರಿ. ಇಲ್ಲಿ ನನ್ನದೊಂದು ಮಾತು: ಆಡಿಟರನ್ನು ಸೊಸೈಟಿಯೇ ಹುಡುಕಿ, ಫೀಸನ್ನೂ ಸೊಸೈಟಿಯೇ ಕೊಡಲಿ. ಬಿಲ್ಡರ್ ಕಳಿಸಿದ ಎಂಜಿನಿಯರ್ ಕೊಟ್ಟ ವರದಿಯ ಮೇಲೆ ಸದಸ್ಯರಿಗೆ ನಂಬಿಕೆ ಬರುವುದಿಲ್ಲ. ಅಲ್ಲಿಂದಲೇ ಒಡಕು ಶುರುವಾಗುತ್ತದೆ. ಎರಡು ವರದಿ ಎರಡು ಥರ ಹೇಳಿದರೆ ಅದನ್ನು ತೀರ್ಮಾನಿಸಲು ಪಾಲಿಕೆಯಲ್ಲಿ ತಾಂತ್ರಿಕ ಸಲಹಾ ಸಮಿತಿ ಇದೆ.

3. ಬಿಲ್ಡರ್ ಬೇರೆ, ಕಾಂಟ್ರ್ಯಾಕ್ಟರ್ ಬೇರೆ

ನಮ್ಮಲ್ಲಿ ಹೆಚ್ಚಿನವರು ಇಬ್ಬರೂ ಒಂದೇ ಎಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬಿಲ್ಡರ್ ಅಂದರೆ ಜಾಗದ ಕರಾರು ಮಾಡಿ, ದುಡ್ಡು ಹಾಕಿ, ಪಾಲಿಕೆಗೆ ಪ್ರೀಮಿಯಂ ಕಟ್ಟಿ, ಮಿಕ್ಕ ಫ್ಲ್ಯಾಟ್ ಮಾರುವವರು. ಕಾಂಟ್ರ್ಯಾಕ್ಟರ್ ಅಂದರೆ ಕಂಬಿ ಕಟ್ಟಿಸಿ, ಕಾಂಕ್ರೀಟು ಸುರಿಸಿ ಕಟ್ಟಡ ಎಬ್ಬಿಸುವವರು. ಇಬ್ಬರ ಲೆಕ್ಕವೂ ಬೇರೆ. ಬಿಲ್ಡರಿಗೆ ಎಷ್ಟು ಚದರ ಅಡಿ ಮಾರಲು ಸಿಗುತ್ತದೆ, ಪ್ರೀಮಿಯಂ ಎಷ್ಟು ಎಂಬ ಚಿಂತೆ. ಕಾಂಟ್ರ್ಯಾಕ್ಟರಿಗೆ ಉಕ್ಕಿನ ರೇಟು, ಸಿಮೆಂಟಿನ ರೇಟು, ಜನ ಎಲ್ಲಿಂದ ತರೋದು, ಬಿಲ್ಲು ಯಾವಾಗ ಪಾಸಾಗುತ್ತದೆ ಎಂಬ ಚಿಂತೆ. ಒಂದು ನಿಯಮ ಬದಲಾದರೆ ಬಿಲ್ಡರಿಗೆ ಲಾಭವಾಗಿ, ಅದೇ ನಿಯಮದಿಂದ ಕಾಂಟ್ರ್ಯಾಕ್ಟರಿಗೆ ನಷ್ಟ ಆಗಬಹುದು.

ಅದಕ್ಕೇ ಅವರ ಸಂಘಗಳೂ ಬೇರೆ ಬೇರೆ. ಬಿಲ್ಡರುಗಳಿಗೆ ಮುಂಬೈಯಲ್ಲಿ ಕ್ರೆಡಾಯ್-ಎಂಸಿಎಚ್‌ಐ ಇದೆ, ದೇಶದ ಮಟ್ಟದಲ್ಲಿ ನರೆಡ್ಕೊ ಇದೆ. ಕಾಂಟ್ರ್ಯಾಕ್ಟರುಗಳಿಗೆ 1941ರಿಂದ ಇರುವ ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ. ಹೆಸರಿನಲ್ಲಿ ಬಿಲ್ಡರ್ಸ್ ಎಂದಿದ್ದರೂ ಅದು ಕಾಂಟ್ರ್ಯಾಕ್ಟರುಗಳ ಸಂಘ. ಪಾಲಿಕೆಗೆ ನಕ್ಷೆ ಸಲ್ಲಿಸುವ ಎಂಜಿನಿಯರ್, ಆರ್ಕಿಟೆಕ್ಟರಿಗೆ ಪೀಟಾ ಇದೆ. ಈ ಸಂಘಗಳು ನಿಯಮ ಮಾಡುವವರ ಜೊತೆ ಮಾತಾಡುತ್ತವೆ, ಮನವಿ ಕೊಡುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಸೈಟಿನ ಕಷ್ಟ ಅವರಿಗೆ ಗೊತ್ತು. ಆದರೆ ಹಳೇ ಕಟ್ಟಡದಲ್ಲಿ ಇರುವ ನಮ್ಮ ಕಷ್ಟವನ್ನು ನಾವೇ ಹೇಳಬೇಕು, ಅಲ್ವಾ?

4. ಸಹಿ ಹಾಕುವ ಮುಂಚೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ

ಈ ಇಡೀ ಲೇಖನದಲ್ಲಿ ನೀವು ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ಬಿಲ್ಡರ್ ಆಯ್ಕೆಗೆ ಕ್ರಮ ಇದೆ. ಸಹಕಾರ ಸಂಘಗಳ ಕಾಯ್ದೆಯ 79ಎ ಕಲಮಿನಡಿ ಸರ್ಕಾರ 2019ರ ಜುಲೈ 4ರಂದು ಹೊರಡಿಸಿದ ಆದೇಶ ಓದಿ. ವಿಶೇಷ ಸಭೆಗೆ ಮೂರನೇ ಎರಡರಷ್ಟು ಸದಸ್ಯರು ಬರಬೇಕು. ಒಟ್ಟು ಸದಸ್ಯರಲ್ಲಿ 51% ಒಪ್ಪಬೇಕು. ರಿಜಿಸ್ಟ್ರಾರ್ ಕಚೇರಿಯ ಪ್ರತಿನಿಧಿ ಎದುರಿಗೇ ಆಯ್ಕೆ ನಡೆಯಬೇಕು, ವಿಡಿಯೊ ಆಗಬೇಕು. ಇದಿಷ್ಟು ಹೆಚ್ಚಿನ ಕಮಿಟಿಗಳು ಸರಿಯಾಗಿಯೇ ಮಾಡುತ್ತವೆ.

ತಪ್ಪು ಆಗುವುದು ಆಯ್ಕೆಯಾದ ಮೇಲೆ, ಕರಾರಿಗೆ ಸಹಿ ಹಾಕುವ ಮುಂಚಿನ ದಿನಗಳಲ್ಲಿ. ಆಗ ಎಲ್ಲರಿಗೂ ಅವಸರ. ಆ ಅವಸರದಲ್ಲೇ ಒಂದು ಶನಿವಾರ ಬಿಡುವು ಮಾಡಿಕೊಳ್ಳಿ. ಬಿಲ್ಡರ್, ಅವರು ಗೊತ್ತು ಮಾಡಿರುವ ಕಾಂಟ್ರ್ಯಾಕ್ಟರ್, ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ನಿಮ್ಮ ಪಿಎಂಸಿ (ಸೊಸೈಟಿಯ ಪರವಾಗಿ ಯೋಜನೆ ನೋಡಿಕೊಳ್ಳುವ ಸಲಹೆಗಾರರು), ನಿಮ್ಮ ವಕೀಲರು, ಕಮಿಟಿ ಎಲ್ಲರೂ ಒಂದೇ ಕೋಣೆಯಲ್ಲಿ ಇರಲಿ. ಕಾಂಟ್ರ್ಯಾಕ್ಟರ್ ಇನ್ನೂ ಗೊತ್ತಾಗಿಲ್ಲ ಎಂದು ಬಿಲ್ಡರ್ ಹೇಳಿದರೆ, ಗೊತ್ತಾದ ಮೇಲೆ ಈ ಸಭೆ ನಡೆಯಲೇಬೇಕು, ಅದು ನಡೆಯುವ ತನಕ ನಾವು ಮನೆ ಖಾಲಿ ಮಾಡುವುದಿಲ್ಲ ಎಂದು ಕರಾರಿನಲ್ಲಿ ಬರೆಸಿ.

ಆ ಸಭೆಯಲ್ಲಿ ಕೇಳಬೇಕಾದ್ದು:

ಕಾಂಟ್ರ್ಯಾಕ್ಟರ್ ಯಾವ ಡ್ರಾಯಿಂಗ್ ನೋಡಿ ರೇಟು ಕೊಟ್ಟಿದ್ದಾರೆ? ಅದರ ನಂಬರು, ತಾರೀಖು ಏನು? ಪಾಲಿಕೆಗೆ ಹೋಗುತ್ತಿರುವುದೂ ಅದೇ ಡ್ರಾಯಿಂಗಾ? ನಮ್ಮ ಸೊಸೈಟಿಯಲ್ಲಿ ಗಂಟು ಬಿದ್ದದ್ದೇ ಇಲ್ಲಿ. ಮಧ್ಯದಲ್ಲಿ ಮೂರು ಮಹಡಿ ಜಾಸ್ತಿ ಮಾಡಲು ಬಿಲ್ಡರ್ ನಕ್ಷೆ ಬದಲಿಸಿದ್ದರು. ಕಾಂಟ್ರ್ಯಾಕ್ಟರ್ ಕೈಯಲ್ಲಿ ಹಳೆಯದೇ ಇತ್ತು.

ಮಹಡಿ ಏರಿಸುವ ಯೋಚನೆ ಮುಂದೆ ಇದ್ದರೆ ತಳಪಾಯ ಈಗಲೇ ಅದಕ್ಕೆ ತಕ್ಕಂತೆ ಹಾಕುತ್ತಾರಾ? ಇದಕ್ಕೆ ಉತ್ತರ ಸ್ಟ್ರಕ್ಚರಲ್ ಎಂಜಿನಿಯರ್ ಬಾಯಿಂದಲೇ ಬರಲಿ.

ಪ್ರೀಮಿಯಂ ಯಾವ ಯಾವ ಹಂತದಲ್ಲಿ ಕಟ್ಟಬೇಕು, ಆ ದುಡ್ಡು ಎಲ್ಲಿಂದ ಬರುತ್ತದೆ? ಉಕ್ಕು, ಸಿಮೆಂಟಿನ ರೇಟು ಏರಿದರೆ ವ್ಯತ್ಯಾಸ ಯಾರು ಕೊಡುತ್ತಾರೆ? ಬಿಲ್ಲು ತಡವಾದರೆ ಕಾಂಟ್ರ್ಯಾಕ್ಟರ್ ಎಷ್ಟು ದಿನ ಕಾಯುತ್ತಾರೆ?

ವಿಮಾನ ನಿಲ್ದಾಣದ ಎತ್ತರದ ಮಿತಿ, ಅಗ್ನಿಶಾಮಕ ದಳದ ಎನ್‌ಒಸಿ, ಸಮುದ್ರ ಅಥವಾ ಖಾಡಿ (ಕಡಲಿನ ಕೊಲ್ಲಿ) ಹತ್ತಿರವಿದ್ದರೆ ಕರಾವಳಿ ನಿಯಮದ ಸಿಆರ್‌ಝಡ್, ಇವುಗಳಲ್ಲಿ ನಮಗೆ ಯಾವುದು ಬೇಕು? ಕುರ್ಲಾ, ಘಾಟ್ಕೋಪರ್, ವಿಲೇಪಾರ್ಲೆ ಕಡೆಯವರು ಎತ್ತರದ ಪ್ರಶ್ನೆ ಮೊದಲೇ ಕೇಳಿ. ಎಫ್‌ಎಸ್‌ಐ ಕಾಗದದಲ್ಲಿ ಇದ್ದು, ಎತ್ತರದಿಂದಾಗಿ ಕಟ್ಟಲು ಆಗದೆ ಹೋಗಬಹುದು.

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರ ಸಹಿ ತೆಗೆದುಕೊಳ್ಳಿ. ಆಮೇಲೆ ತಿಂಗಳಿಗೊಮ್ಮೆ ಇದೇ ಜನ ಸೈಟಿನಲ್ಲೇ ಸೇರಲಿ. ಯಾವ ಕೆಲಸ, ಯಾರು ಮಾಡಬೇಕು, ಯಾವ ತಾರೀಖಿನೊಳಗೆ, ಈ ಮೂರು ಕಾಲಮ್ ಸಾಕು. ನಿಂತ ಕೆಲಸ ಮತ್ತೆ ಶುರುವಾಗಿದ್ದು ನಾವು ಹೀಗೆ ಕೂರಲು ಶುರು ಮಾಡಿದ ಮೇಲೆ. ಎರಡನೇ ಸಭೆಯಲ್ಲೇ ಬಿಲ್ಡರ್ ಪ್ರೀಮಿಯಂ ಕಟ್ಟುವ ತಾರೀಖು ಕೊಟ್ಟರು, ಕಾಂಟ್ರ್ಯಾಕ್ಟರ್ ಹೊಸ ಮಹಡಿಗಳಿಗೆ ಮಾತ್ರ ಹೊಸ ರೇಟು ಎಂದು ಒಪ್ಪಿದರು.

5. ಕರಾರಿನಲ್ಲಿ ಬಿಡಬಾರದ ಮಾತು

ಮನೆಯ ಅಳತೆ ರೇರಾ (ಮನೆ ಕೊಳ್ಳುವವರ ಹಿತ ಕಾಯುವ ಕಾಯ್ದೆ) ಹೇಳುವ ಕಾರ್ಪೆಟ್ ಏರಿಯಾದಲ್ಲೇ, ಅಂದರೆ ಮನೆಯೊಳಗೆ ಬಳಸುವ ಜಾಗದ ಲೆಕ್ಕದಲ್ಲೇ, ಇರಲಿ. ಯೋಜನೆಯ ವೆಚ್ಚದ 20% ಬ್ಯಾಂಕ್ ಗ್ಯಾರಂಟಿ ಕೇಳಿ. 79ಎ ಆದೇಶದಲ್ಲೇ ಇದು ಇದೆ. ಬಾಡಿಗೆ, ಶಿಫ್ಟಿಂಗ್ ಖರ್ಚು, ಕಾರ್ಪಸ್ (ಬಿಲ್ಡರ್ ಕೊಡುವ ಇಡುಗಂಟು), ಮುಗಿಸುವ ಗಡುವು ಎಲ್ಲರೂ ಬರೆಸುತ್ತಾರೆ.

ಕೆಲವರು ಮಾತ್ರ ಬರೆಸುವುದು ಇದು: ನಿಯಮ ಬದಲಾಗಿ ಜಾಗ ಜಾಸ್ತಿ ಸಿಕ್ಕರೆ ಅಥವಾ ಪ್ರೀಮಿಯಂ ಇಳಿದರೆ, ಆ ಲಾಭದಲ್ಲಿ ಸೊಸೈಟಿಗೆ ಎಷ್ಟು? 2021ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಕಟ್ಟಡ ಪ್ರೀಮಿಯಂಗಳನ್ನು ಆ ವರ್ಷದ ಕೊನೆಯ ತನಕ ಅರ್ಧಕ್ಕೆ ಇಳಿಸಿತು. ದೀಪಕ್ ಪಾರೇಖ್ ಸಮಿತಿಯ ಶಿಫಾರಸಿನ ಮೇಲೆ ಬಂದ ನಿರ್ಧಾರ ಅದು. ರಿಯಾಯಿತಿ ತೆಗೆದುಕೊಂಡ ಬಿಲ್ಡರ್ ಹೊಸದಾಗಿ ಫ್ಲ್ಯಾಟ್ ಕೊಳ್ಳುವವರ ಮುದ್ರಾಂಕ ಶುಲ್ಕ ತಾನೇ ಕಟ್ಟಬೇಕು ಎಂಬ ಷರತ್ತೂ ಇತ್ತು. ಹೊಸಬರಿಗೆ ಹೀಗೆ ಸ್ವಲ್ಪ ಸಿಕ್ಕಿತು. ಹಳೆಯ ಸದಸ್ಯರು ತಮ್ಮ ಪಾಲನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು. ನಮ್ಮ ಕರಾರಿನಲ್ಲಿ ಆ ಸಾಲು ಇರಲಿಲ್ಲ.

ಹಾಗೆಯೇ, ಕಾಂಟ್ರ್ಯಾಕ್ಟರನ್ನು ಬದಲಿಸುವುದಾದರೆ ಸೊಸೈಟಿಗೆ ಮೊದಲೇ ಲಿಖಿತವಾಗಿ ತಿಳಿಸಬೇಕು, ಆಗಿರುವ ಕೆಲಸದ ಗುಣಮಟ್ಟಕ್ಕೆ ಬಿಲ್ಡರೇ ಹೊಣೆ ಎಂದು ಬರೆಸಿ. ರೇರಾದಲ್ಲಿ ಕೊಳ್ಳುವವರಿಗೆ ಐದು ವರ್ಷದ ದೋಷ ಹೊಣೆ ಇದೆ. ಹಳೆಯ ಸದಸ್ಯರ ಮನೆಗಳಿಗೂ ಅದೇ ಅವಧಿ ಎಂದು ಪ್ರತ್ಯೇಕವಾಗಿ ಸೇರಿಸುವುದು ಒಳ್ಳೆಯದು. ಬದಲಿ ಮನೆಯ ಕರಾರಿನ ಮೇಲೆ ಮತ್ತೆ ಪೂರ್ತಿ ಮುದ್ರಾಂಕ ಶುಲ್ಕ ಕೇಳುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2023ರ ಫೆಬ್ರುವರಿಯಲ್ಲಿ ಹೇಳಿದೆ. ನೀವು ದುಡ್ಡು ಕೊಟ್ಟು ಕೊಂಡ ಹೆಚ್ಚುವರಿ ಜಾಗಕ್ಕೆ ಮಾತ್ರ ಕಟ್ಟಿ.

6. ಐಓಡಿ, ಸಿಸಿ, ಓಸಿ

ಮುಂಬೈಯಲ್ಲಿ ಮೊದಲು ಬರುವುದು ಐಓಡಿ, ಅಂದರೆ ನಕ್ಷೆಗೆ ಷರತ್ತಿನ ಒಪ್ಪಿಗೆ. ಅದರಲ್ಲಿ ಪಾಲಿಕೆ ಹಾಕಿದ ಷರತ್ತುಗಳ ಪಟ್ಟಿ ಇರುತ್ತದೆ. ಐಓಡಿ ಬಂದಿತು ಎಂದು ಪೇಢಾ ಹಂಚುತ್ತಾರೆ, ಆದರೆ ಅಷ್ಟಕ್ಕೇ ಕಟ್ಟಲು ಶುರು ಮಾಡುವಂತಿಲ್ಲ. ಷರತ್ತು ಪೂರೈಸಿದ ಮೇಲೆ ಸಿಸಿ. ಅದೂ ಮೊದಲು ಪ್ಲಿಂತ್ (ನೆಲಮಟ್ಟದ ಅಡಿಪಾಯ) ತನಕ ಮಾತ್ರ. ಪ್ಲಿಂತ್ ಪರೀಕ್ಷೆಯಾದ ಮೇಲೆ ಮುಂದಿನ ಮಹಡಿಗಳಿಗೆ ಹಂತ ಹಂತವಾಗಿ ಸಿಗುತ್ತದೆ. ಪ್ರತಿ ಸಿಸಿಯ ಮೇಲೂ ಎಷ್ಟನೇ ಮಹಡಿಯ ತನಕ ಎಂದು ಬರೆದಿರುತ್ತದೆ. ಆ ಸಾಲನ್ನು ಓದಿ, ಸೈಟಿನಲ್ಲಿ ಮಹಡಿ ಎಣಿಸಿ.

ಕಾಗದವನ್ನು ಬಿಲ್ಡರ್ ಕೊಟ್ಟ ಜೆರಾಕ್ಸಿನಲ್ಲಿ ನೋಡಿ ಸುಮ್ನೆ ಇರಬೇಡಿ. ಪಾಲಿಕೆಯ ವೆಬ್‌ಸೈಟಿನಲ್ಲೇ ತೆರೆದು ನೋಡಿ. ಡೊಂಬಿವಲಿ ಕಡೆ 65 ಕಟ್ಟಡಗಳು ಪಾಲಿಕೆಯ ನಕಲಿ ಪರವಾನಗಿ ತೋರಿಸಿ ಮಹಾರೇರಾದಲ್ಲಿ (ರಾಜ್ಯದ ರೇರಾ ಪ್ರಾಧಿಕಾರ) ನೋಂದಣಿ ಪಡೆದಿದ್ದವು. ಅವನ್ನು ಕೆಡವಬೇಕು ಎಂದು 2024ರ ನವೆಂಬರಿನಲ್ಲಿ ಹೈಕೋರ್ಟ್ ಆದೇಶವಾಯಿತು. ಸಾಲ ಮಾಡಿ ಮನೆ ಕೊಂಡವರ ಗತಿ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ರೇರಾ ನಂಬರ್ ಇದೆ ಎಂದರೆ ಸಾಲದು. ಪಾಲಿಕೆಯ ಕಡೆಯಿಂದಲೂ ಖಚಿತ ಮಾಡಿಕೊಳ್ಳಿ.

ಓಸಿ (ಕಟ್ಟಡದಲ್ಲಿ ವಾಸಿಸಬಹುದು ಎಂಬ ಪಾಲಿಕೆಯ ಪತ್ರ) ಬರುವ ತನಕ ಕೀಲಿಕೈ ತೆಗೆದುಕೊಳ್ಳಬೇಡಿ. ಬಾಡಿಗೆ ಉಳಿಸಲು ಬೇಗ ಬನ್ನಿ ಎಂದು ಬಿಲ್ಡರ್ ಕರೆಯುತ್ತಾರೆ. ಒಮ್ಮೆ ನೀವು ಒಳಗೆ ಹೋದರೆ ಓಸಿ ತರುವ ಅವಸರ ಅವರಿಗೆ ಇರುವುದಿಲ್ಲ.

7. ಕೆಲಸ ನಡೆಯುವಾಗ

ಧೂಳಿನ ವಿಷಯದಲ್ಲಿ ಪಾಲಿಕೆ 2023ರ ಅಕ್ಟೋಬರಿನಲ್ಲಿ ಕಟ್ಟುನಿಟ್ಟಿನ ಸೂಚನೆ ಹೊರಡಿಸಿತು. ಒಂದು ಎಕರೆಗಿಂತ ದೊಡ್ಡ ಜಾಗಕ್ಕೆ ಸುತ್ತ 35 ಅಡಿ ಎತ್ತರದ ತಗಡು, ಚಿಕ್ಕ ಜಾಗಕ್ಕೆ 25 ಅಡಿ. ಹಸಿರು ಬಟ್ಟೆ, ನೀರು ಸಿಂಪಡಣೆ, ಹೊರಡುವ ಲಾರಿಯ ಚಕ್ರ ತೊಳೆಯುವ ವ್ಯವಸ್ಥೆ ಬೇಕು. ಪಾಲಿಸದಿದ್ದರೆ ಕೆಲಸ ನಿಲ್ಲಿಸುವ ನೋಟಿಸು ಬರುತ್ತದೆ. ಕೆಲಸ ನಿಂತರೆ ಮತ್ತೆ ನಮ್ಮದೇ ಕಾಯುವಿಕೆ. ಈ ಖರ್ಚು ಬಿಲ್ಡರದ್ದಾ ಕಾಂಟ್ರ್ಯಾಕ್ಟರದ್ದಾ ಎಂದು ಮೊದಲ ಸಭೆಯಲ್ಲೇ ತೀರ್ಮಾನವಾಗಲಿ. ಇಬ್ಬರೂ ಇನ್ನೊಬ್ಬರದ್ದು ಎಂದುಕೊಂಡಿರುತ್ತಾರೆ.

ಸೈಟಿಗೆ ಹೋದಾಗ ಕೆಲಸಗಾರರ ಜೊತೆ ಎರಡು ಮಾತಾಡಿ. ಮುಂಬೈ, ಪುಣೆಯ ಸೈಟುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಬಹಳ ಇದ್ದಾರೆ. "ಎಲ್ಲಿಯವರು ಅಣ್ಣಾ?" ಎಂದು ಕನ್ನಡದಲ್ಲಿ ಕೇಳಿದರೆ ಮುಖ ಅರಳುತ್ತದೆ. ಕಟ್ಟಡದ ವೆಚ್ಚದ 1% ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಆದರೆ ನೋಂದಣಿ ಆದವರಿಗೆ ಮಾತ್ರ ಅದರ ಸೌಲಭ್ಯ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ಹೆಸರು ಹಚ್ಚಿಸಬಹುದು. ಅದಕ್ಕೆ ಕೆಲಸದ ಪ್ರಮಾಣಪತ್ರ ಬೇಕು. ಆ ಕಾಗದ ಕೊಡುವಂತೆ ಕಾಂಟ್ರ್ಯಾಕ್ಟರಿಗೆ ತಿಂಗಳ ಸಭೆಯಲ್ಲಿ ನೀವೇ ಹೇಳಿ. ನಮ್ಮ ಮನೆ ಕಟ್ಟುವ ಕೈಗಳಿಗೆ ನಾವು ಮಾಡಬಹುದಾದ ಕೆಲಸ ಇದು.

8. ನಿಯಮವೇ ಬದಲಾಗುವಾಗ

ನಿಯಮ ಬದಲಿಸಲು ಎಂಆರ್‌ಟಿಪಿ ಕಾಯ್ದೆ (ರಾಜ್ಯದ ನಗರ ಯೋಜನೆ ಕಾಯ್ದೆ), 1966ರ 37ನೇ ಕಲಮು ಇದೆ. ಬದಲಾವಣೆಯ ಕರಡನ್ನು ರಾಜಪತ್ರದಲ್ಲೂ ಪತ್ರಿಕೆಗಳಲ್ಲೂ ಪ್ರಕಟಿಸಬೇಕು. ಜನರಿಗೆ ಒಂದು ತಿಂಗಳ ಕಾಲಾವಕಾಶ ಇರುತ್ತದೆ. ಮರಾಠಿ ಪತ್ರಿಕೆಯಲ್ಲಿ 'ಹರಕತಿ ವ ಸೂಚನಾ' ಎಂದು ಚಿಕ್ಕ ಅಕ್ಷರದಲ್ಲಿ ಬರುವುದು ಇದೇ. ಹರಕತ್ ಅಂದರೆ ಇಲ್ಲಿ ಆಕ್ಷೇಪಣೆ. ಬಿಲ್ಡರುಗಳ ಸಂಘ, ಪೀಟಾ ಈ ನೋಟಿಸನ್ನು ತಪ್ಪದೆ ಓದುತ್ತವೆ. ಸೊಸೈಟಿಗಳು ಓದುವುದು ಅಪರೂಪ.

ಬರೆದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. 2015ರಲ್ಲಿ ಮುಂಬೈಯ ಅಭಿವೃದ್ಧಿ ಯೋಜನೆಯ ಮೊದಲ ಕರಡು ಬಂದಾಗ ಅದರಲ್ಲಿ ಬೇಕಾದಷ್ಟು ತಪ್ಪುಗಳಿದ್ದವು. ಜನ ಸಾವಿರಾರು ಆಕ್ಷೇಪಣೆ ಬರೆದರು. ಏಪ್ರಿಲಿನಲ್ಲಿ ಸರ್ಕಾರ ಆ ಕರಡನ್ನೇ ರದ್ದು ಮಾಡಿತು. 2016ರಲ್ಲಿ ತಿದ್ದಿದ ಕರಡು ಬಂತು. ಈಗಿನ 2034ರ ನಿಯಮಗಳು ಹುಟ್ಟಿದ್ದು ಅದರಿಂದಲೇ.

ಬರೆಯುವುದು ಕಷ್ಟವಲ್ಲ. ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ ಮರಾಠಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ. ಮೇಲೆ ನೋಟಿಸಿನ ನಂಬರು, ತಾರೀಖು. ಆಮೇಲೆ ಯಾವ ನಿಯಮ, ಯಾವ ಉಪನಿಯಮ. ನಿಮ್ಮ ಸಿಟಿಎಸ್ ನಂಬರ್, ಮನೆಗಳ ಸಂಖ್ಯೆ, ರಸ್ತೆಯ ಅಗಲ. ಈ ಬದಲಾವಣೆಯಿಂದ ನಿಮ್ಮ ಕಟ್ಟಡಕ್ಕೆ ಏನಾಗುತ್ತದೆ ಎಂದು ಲೆಕ್ಕ ಸಮೇತ ನಾಲ್ಕು ಸಾಲು. ಕೊನೆಗೆ ಯಾವ ಪದ ಬದಲಾಗಬೇಕು ಎಂದು ನೀವೇ ಬರೆದು ಕೊಡಿ. ಬೇಡ ಎಂದಷ್ಟೇ ಹೇಳಿದರೆ ಅಧಿಕಾರಿಗೆ ಮುಂದೆ ಏನು ಮಾಡಬೇಕು ಎಂದು ತಿಳಿಯುವುದಿಲ್ಲ. ಅಕ್ಕಪಕ್ಕದ ಹತ್ತು ಸೊಸೈಟಿಗಳು ಸೇರಿ ಕೊಟ್ಟರೆ ಇನ್ನೂ ಒಳ್ಳೆಯದು. ನಿಮ್ಮ ಆರ್ಕಿಟೆಕ್ಟರಿಗೂ ಬಿಲ್ಡರಿಗೂ ಪ್ರತಿ ಕೊಡಿ. ಒಪ್ಪಿಗೆಯಿರುವ ಅಂಶಗಳನ್ನು ಅವರು ತಮ್ಮ ಸಂಘದ ಮನವಿಯಲ್ಲೂ ಸೇರಿಸಲಿ ಎಂದು ಕೇಳಿ. ಗಲ್ಲಿ ರಸ್ತೆಯ ಕಟ್ಟಡಗಳ ಕಷ್ಟ, ಬಾಡಿಗೆಯ ಅವಧಿ ಬೆಳೆಯುವ ಕಷ್ಟ, ಇವುಗಳಲ್ಲಿ ನಮ್ಮ ಮಾತೂ ಅವರ ಮಾತೂ ಒಂದೇ ಆಗಿರುತ್ತದೆ.

ಪತ್ರವನ್ನು ನೋಟಿಸಿನಲ್ಲಿ ಹೇಳಿದ ಕಚೇರಿಗೆ ಕೈಯಾರೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಠಸ್ಸೆ ಹಾಕಿಸಿಕೊಳ್ಳಿ. ವಿಚಾರಣೆಗೆ ಕರೆದರೆ ಇಬ್ಬರು ಹೋಗಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಠಸ್ಸೆ ಇರುವ ಪ್ರತಿ ಜೊತೆಗಿರಲಿ, ಬಾಗಿಲಲ್ಲಿ ಮೊದಲು ಕೇಳುವುದು ಅದನ್ನೇ.